ಎಚ್‌ಪಿ ಕೇಳಿದ್ದು ಸಾಕು, ಬಗ್ಗಿ ಕೆಳಗೆ ನೋಡಿ

ಪ್ರಶ್ನೆ: ಊರಾಚೆ ಜಾಗ ನಮ್ಮದು. ಎರಡೂವರೆ ಎಕರೆಯಷ್ಟು ಹುಲ್ಲು ಕತ್ತರಿಸಬೇಕು. ಮನೆ ಸುತ್ತ ಸಮತಟ್ಟಾಗಿದೆ, ಹಿಂದುಗಡೆ ಇಳಿಜಾರು. ಅಲ್ಲಲ್ಲಿ ಮರ, ಮೇಲೆದ್ದ ಬೇರು, ಕಲ್ಲು ಎಲ್ಲಾ ಇವೆ. ಮೊದಲು ತಗೊಂಡಿದ್ದ ರೈಡಿಂಗ್ ಮೋವರ್ (ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ) ನಾಲ್ಕೇ ವರ್ಷಕ್ಕೆ ಮೂಲೆ ಸೇರಿತು. ಹೊಸದು ಹದಿನೈದು ವರ್ಷವಾದರೂ ಬಾಳಬೇಕು. ಅಂಗಡಿಯವರು ಬರೀ ಎಚ್‌ಪಿ ಲೆಕ್ಕ ಹೇಳುತ್ತಾರೆ. ನಾನು ಏನು ನೋಡಿ ಆರಿಸಬೇಕು? ನಿಂತಲ್ಲೇ ಗಿರಕಿ ಹೊಡೆಯುವ ಝೀರೋ ಟರ್ನ್ ಒಳ್ಳೆಯದಾ, ಟ್ರ್ಯಾಕ್ಟರ್ ತರಹದ್ದಾ?

ಉತ್ತರ: ಹಳೆಯದು ಯಾಕೆ ಮೂಲೆ ಸೇರಿತು ಅಂತ ನೀವು ಬರೆದಿಲ್ಲ. ಆದರೆ ಇಳಿಜಾರು ಅಂದ ಕೂಡಲೇ ನನಗೆ ಗೇರ್‌ಬಾಕ್ಸ್ ಮೇಲೆ ಅನುಮಾನ ಬಂತು. ನನ್ನ ಮೊದಲನೇ ಮೋವರ್ ಕಥೆಯೂ ಅದೇ. ಎಂಜಿನ್ ಈಗಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ಚೆನ್ನಾಗಿ ಸದ್ದು ಮಾಡುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಅದಕ್ಕೇ ಹೇಳುತ್ತೇನೆ, ಎಂಜಿನ್ ವಿಷಯ ಆಮೇಲೆ ನೋಡೋಣ.

ಈಗಿನ ರೈಡಿಂಗ್ ಮೋವರ್‌ಗಳಲ್ಲಿ ಹೆಚ್ಚಿನವುಗಳ ಗೇರ್‌ಬಾಕ್ಸ್ ಹೈಡ್ರೋಸ್ಟಾಟಿಕ್. ಅಂದರೆ ಒಂದು ಪಂಪ್ ಎಣ್ಣೆಯನ್ನು ಒತ್ತುತ್ತದೆ, ಆ ಒತ್ತಡಕ್ಕೆ ಚಕ್ರದ ಕಡೆಯ ಮೋಟರ್ ತಿರುಗುತ್ತದೆ. ಏರು ಹತ್ತಿದಷ್ಟೂ ಎಣ್ಣೆ ಬಿಸಿಯಾಗುತ್ತೆ, ಬಿಸಿಯಾದಷ್ಟೂ ತೆಳ್ಳಗಾಗುತ್ತೆ, ತೆಳ್ಳಗಾದ ಎಣ್ಣೆ ಒಳಗೊಳಗೇ ಸಂದಿಯಲ್ಲಿ ಜಾರಿ ಎಳೆಯುವ ಶಕ್ತಿ ಇಳಿದುಹೋಗುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಸರಾಗವಾಗಿ ಏರುವ ಗಾಡಿ ಒಂದು ಗಂಟೆ ಬಿಟ್ಟು ಅದೇ ಏರಿನಲ್ಲಿ ಏದುಸಿರು ಬಿಡೋದು ಇದಕ್ಕೇ. ಹಗುರ ದರ್ಜೆಯ ಎಷ್ಟೋ ಗೇರ್‌ಬಾಕ್ಸ್‌ಗಳಿಗೆ ಎಣ್ಣೆ ಬದಲಿಸುವ ಸೌಕರ್ಯವೇ ಇರಲ್ಲ, ಸೀಲ್ ಮಾಡಿಬಿಟ್ಟಿರುತ್ತಾರೆ. ಸಮತಟ್ಟಾದ ಅರ್ಧ ಎಕರೆಗೆ ಅದು ತಪ್ಪೇನಲ್ಲ. ನಿಮ್ಮ ಜಾಗಕ್ಕೆ ಸಾಲದು.

ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಇಷ್ಟೇ: ಗೇರ್‌ಬಾಕ್ಸ್ ಯಾವ ಮಾಡೆಲ್, ಎಣ್ಣೆ ಬದಲಿಸಬಹುದಾ, ಫಿಲ್ಟರ್ ಇದೆಯಾ? ಮೇಲಿನ ಬಣ್ಣ, ಹೆಸರು ಬೇರೆ ಬೇರೆ ಇದ್ದರೂ ಒಳಗಿರುವುದು ಬಹಳ ಸಲ ಟಫ್ ಟಾರ್ಕ್ ಅಥವಾ ಹೈಡ್ರೋ-ಗೇರ್ ಕಂಪನಿಯದು. ಒಂದೇ ಕಂಪನಿಯಲ್ಲೂ ಹಗುರದ್ದು, ಭಾರದ್ದು ಎರಡೂ ಇರುತ್ತವೆ. ಟಫ್ ಟಾರ್ಕ್‌ನ ಕೆ46 ಹಗುರ ಕೆಲಸದ್ದು, ಕೆ66 ಭಾರದ್ದು. ಮಾರುವವರಿಗೆ ಮಾಡೆಲ್ ಗೊತ್ತಿಲ್ಲ ಅಂದರೆ ಗಾಡಿಯ ಹಿಂದೆ ಬಗ್ಗಿ ನೀವೇ ಓದಿಕೊಳ್ಳಿ, ನಾಚಿಕೆ ಬೇಡ.

ಇನ್ನು ಡೆಕ್, ಅಂದರೆ ಬ್ಲೇಡುಗಳನ್ನು ಮುಚ್ಚಿಕೊಂಡಿರುವ ಉಕ್ಕಿನ ಚಿಪ್ಪು. ಒಂದೇ ಶೀಟನ್ನು ಪ್ರೆಸ್‌ನಲ್ಲಿ ಒತ್ತಿ ಮಾಡಿದ್ದು ಒಂದು ಬಗೆ, ದಪ್ಪ ತಗಡುಗಳನ್ನು ಕತ್ತರಿಸಿ ವೆಲ್ಡ್ ಮಾಡಿದ್ದು ಇನ್ನೊಂದು. ಒತ್ತಿದ ಡೆಕ್ ಕಳಪೆ ಅಂತ ಹೇಳಲಾರೆ, ಅದರ ದುಂಡಗಿನ ಆಕಾರದಲ್ಲಿ ಗಾಳಿ ಚೆನ್ನಾಗಿ ಸುತ್ತುತ್ತೆ, ಹುಲ್ಲು ಮೂಲೆಯಲ್ಲಿ ಮೆತ್ತಿಕೊಳ್ಳೋದೂ ಕಡಿಮೆ. ಆದರೆ ಬೇರು, ಕಲ್ಲು ಇರುವ ಕಡೆ ವೆಲ್ಡ್ ಮಾಡಿದ್ದೇ ಸರಿ. ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ, ಅದು ಉಲ್ಟಾ ಲೆಕ್ಕ. ನಂಬರ್ ಕಡಿಮೆಯಾದಷ್ಟೂ ತಗಡು ದಪ್ಪ. 12 ಗೇಜ್ ಅಂದರೆ ಸುಮಾರು 2.7 ಮಿಲಿಮೀಟರ್, 10 ಗೇಜ್ ಸುಮಾರು 3.4, 7 ಗೇಜ್ ಸುಮಾರು 4.5. ನಿಮಗೆ 10 ಅಥವಾ ಅದಕ್ಕಿಂತ ಕಡಿಮೆ ನಂಬರಿನದು ನೋಡಿ.

ಬ್ಲೇಡ್ ತಿರುಗಿಸುವ ಸ್ಪಿಂಡಲ್ ಕಡೆಗೂ ಕಣ್ಣು ಹಾಯಿಸಿ. ಬ್ಲೇಡಿನ ತುದಿಯ ವೇಗಕ್ಕೆ ಅಮೆರಿಕದ ಸುರಕ್ಷತಾ ಮಾನದಂಡದಲ್ಲಿ ನಿಮಿಷಕ್ಕೆ 19,000 ಅಡಿಯ ಮಿತಿ ಇದೆ. ಗಂಟೆಗೆ 340 ಕಿಲೋಮೀಟರ್ ದಾಟುವ ವೇಗ ಅದು! ಅದರ ಹತ್ತಿರದ ವೇಗದಲ್ಲಿ ಕಲ್ಲಿಗೆ ಬಡಿದರೆ ಪೆಟ್ಟು ಹೋಗಿ ನಿಲ್ಲೋದು ಸ್ಪಿಂಡಲ್‌ನಲ್ಲಿ. ಅದನ್ನು ಹಿಡಿದಿಡುವ ಹೊರಕವಚ ಗಟ್ಟಿಮುಟ್ಟಾಗಿರಲಿ, ಬೀಡು ಕಬ್ಬಿಣದ್ದಾದರೆ ಇನ್ನೂ ಒಳ್ಳೆಯದು. ಗ್ರೀಸ್ ಹೊಡೆಯಲು ನಿಪ್ಪಲ್ ಇರಲಿ. ಮುಂದಿನ ಆಕ್ಸಲ್ ಕೂಡ ಬರೀ ಮಡಚಿದ ತಗಡಾಗಿರಬಾರದು.

ಅಗಲ ಜಾಸ್ತಿ ಇದ್ದರೆ ಬೇಗ ಮುಗಿಯುತ್ತೆ ಅನ್ನೋದು ಅರ್ಧ ಸತ್ಯ. 42 ಇಂಚಿನ ಡೆಕ್ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಕಾಗದದ ಲೆಕ್ಕಕ್ಕೆ ಒಂದು ಗಂಟೆಯಲ್ಲಿ ಒಂದೂವರೆ ಎಕರೆ ಮುಗಿಸುತ್ತೆ. ತಿರುವು, ಒಂದರ ಮೇಲೊಂದು ಬರುವ ಪಟ್ಟಿ ಎಲ್ಲಾ ಕಳೆದರೆ ಒಂದೂಕಾಲು ಅಂತ ಇಟ್ಟುಕೊಳ್ಳಿ. ನಿಮಗೆ ಎರಡು ಗಂಟೆ ಕೆಲಸ. 54 ಇಂಚು ತಗೊಂಡರೆ ಅರ್ಧ ಗಂಟೆ ಉಳಿದೀತು, ಆದರೆ ಮರಗಳ ನಡುವೆ ತೂರಲ್ಲ, ಉಬ್ಬು ಬಂದಲ್ಲಿ ಮಣ್ಣು ಕೆರೆಯುತ್ತೆ. ನಾನಾದರೆ 48ಕ್ಕೆ ನಿಲ್ಲಿಸುತ್ತೇನೆ.

ಈಗ ಎಂಜಿನ್. ಕವಾಸಾಕಿಯ ಎಫ್‌ಆರ್730ವಿ ಮನೆಬಳಕೆಯ ಎಂಜಿನ್, 24 ಎಚ್‌ಪಿ. ಅದೇ ಕಂಪನಿಯ ಎಫ್‌ಎಕ್ಸ್730ವಿ ದಿನವಿಡೀ ದುಡಿಯುವ ಕಮರ್ಷಿಯಲ್ ಎಂಜಿನ್, 23.5 ಎಚ್‌ಪಿ. ಎರಡೂ 726 ಸಿಸಿ. ದುಬಾರಿಯದಕ್ಕೇ ಎಚ್‌ಪಿ ಕಡಿಮೆ, ನೋಡಿ! ವ್ಯತ್ಯಾಸ ಇರೋದು ಏರ್ ಫಿಲ್ಟರಿನಂಥ ಕಡೆ. ಎರಡು ಸಿಲಿಂಡರ್, ಆಯಿಲ್ ಫಿಲ್ಟರ್, ದೊಡ್ಡ ಏರ್ ಫಿಲ್ಟರ್ ಇದ್ದರೆ ಸಾಕು, 24ಕ್ಕೂ 26ಕ್ಕೂ ಜಗಳ ಬೇಡ.

ಝೀರೋ ಟರ್ನ್ ಮರಗಳ ಸುತ್ತ ಆಟಿಕೆಯ ಹಾಗೆ ತಿರುಗುತ್ತೆ, ನನಗೂ ಇಷ್ಟ. ಆದರೆ ಹೆಚ್ಚಿನವುಗಳ ಮುಂದಿನ ಚಕ್ರಗಳು ಬರೀ ಉರುಳುತ್ತವೆ. ತಿರುಗಿಸೋದು, ನಿಲ್ಲಿಸೋದು ಎಲ್ಲಾ ಹಿಂದಿನ ಎರಡು ಚಕ್ರದ್ದೇ ಕೆಲಸ. ಒದ್ದೆ ಇಳಿಜಾರಿನಲ್ಲಿ ಅವು ಜಾರಿದವು ಅಂದರೆ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ. 15 ಡಿಗ್ರಿಗಿಂತ ಕಡಿದಾದ ಕಡೆ ರೈಡಿಂಗ್ ಮೋವರ್ ಓಡಿಸಬೇಡಿ ಅಂತ ಎಷ್ಟೋ ಕೈಪಿಡಿಗಳಲ್ಲಿ ಬರೆದಿರುತ್ತೆ, ಕೆಲವು ಝೀರೋ ಟರ್ನ್‌ಗಳಿಗೆ ಮಿತಿ ಇನ್ನೂ ಕಡಿಮೆ. ಅಳೆಯೋದು ಸುಲಭ. ಒಂದು ಮೀಟರ್ ಉದ್ದದ ಪಟ್ಟಿಯ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಪಟ್ಟಿಯನ್ನು ಮಟ್ಟಸವಾಗಿ ಹಿಡಿದು, ಇಳಿಜಾರಿನ ಕೆಳಗಡೆಗೆ ಚಾಚಿದ ತುದಿಯಿಂದ ನೆಲಕ್ಕೆ ಎಷ್ಟಿದೆ ನೋಡಿ. 27 ಸೆಂಟಿಮೀಟರ್ ಅಂದರೆ 15 ಡಿಗ್ರಿ ಮುಟ್ಟಿತು. ಅದಕ್ಕಿಂತ ಕಡಿದಾದ ಭಾಗವನ್ನು ಕೈಮೋವರ್‌ಗೋ ಬ್ರಷ್ ಕಟರ್‌ಗೋ ಬಿಡಿ. ಉಳಿದ ಇಳಿಜಾರು ಹಗುರವಾಗಿದ್ದರೂ ನಿಮಗೆ ನನ್ನ ಓಟು ಭಾರದ ಗೇರ್‌ಬಾಕ್ಸ್ ಇರುವ ಗಾರ್ಡನ್ ಟ್ರ್ಯಾಕ್ಟರ್‌ಗೆ. ಇಳಿಜಾರಿನಲ್ಲಿ ನೇರ ಮೇಲೆ-ಕೆಳಗೆ ಓಡಿಸಿ, ಅಡ್ಡಡ್ಡ ಬೇಡ.

ಪ್ರಶ್ನೆ: 900 ಗಂಟೆ ಓಡಿದ ಕಮರ್ಷಿಯಲ್ ಮೋವರ್ ಒಂದು ಸಿಗುತ್ತಿದೆ. ಹೊಸ ಮನೆಬಳಕೆಯದು ಬಿಟ್ಟು ಇದನ್ನು ತಗೊಳ್ಳಬಹುದಾ?

ಉತ್ತರ: ತಗೊಳ್ಳಬಹುದು, ಆದರೆ ತಣ್ಣಗಿರುವಾಗ ಮಾತ್ರ ನೋಡಿ ದುಡ್ಡು ಕೊಟ್ಟುಬಿಡಬೇಡಿ. ಅರ್ಧ ಗಂಟೆ ಹುಲ್ಲು ಕತ್ತರಿಸಿ, ಬಿಸಿಯಾದ ಮೇಲೆ ಏರು ಹತ್ತಿಸಿ. ಆಮೇಲೆ ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ವೈರ್ ಕಿತ್ತು, ದಪ್ಪ ಕೈಗವಸು ಹಾಕಿಕೊಂಡು ಬ್ಲೇಡ್ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ, ಅದು ದೊಡ್ಡ ಖರ್ಚಲ್ಲ. ಸ್ಪಿಂಡಲ್ ಕೂತ ಜಾಗದ ಸುತ್ತ ಡೆಕ್ಕಿನಲ್ಲಿ ಬಿರುಕು, ಹೊಸ ವೆಲ್ಡಿಂಗ್ ಕಂಡರೆ ಮಾತ್ರ ಸುಮ್ನೆ ವಾಪಸ್ ಬನ್ನಿ. ಗಂಟೆಯ ಮೀಟರ್ 900 ತೋರಿಸಿ, ಪೆಡಲ್ ರಬ್ಬರ್ ಪೂರ್ತಿ ಸವೆದು ಹೋಗಿದ್ದರೆ ಮೀಟರ್ ನಂಬೋದು ಕಷ್ಟ, ಅಲ್ವಾ? ಬೆಲ್ಟ್, ಬ್ಲೇಡ್, ಫಿಲ್ಟರ್ ನಿಮಗೆ ಹತ್ತಿರದಲ್ಲೇ ಸಿಗುತ್ತಾ ಅಂತ ದುಡ್ಡು ಕೊಡುವ ಮೊದಲೇ ವಿಚಾರಿಸಿ.

ಪ್ರಶ್ನೆ: ಪ್ರತಿ ಸಲ ಡೆಕ್ ತೊಳೆಯಬೇಕಾ?

ಉತ್ತರ: ಜೋರು ನೀರು ಬಿಟ್ಟರೆ ಅದು ಬೇರಿಂಗ್ ಒಳಗೂ ನುಗ್ಗುತ್ತೆ. ಮೇಲಿನ ಕಸವನ್ನು ಗಾಳಿಯಲ್ಲಿ ಊದಿ ತೆಗೆಯಿರಿ. ಅಡಿಯಲ್ಲಿ ಮೆತ್ತಿದ್ದನ್ನು ಕೆರೆಯಿರಿ. ಒದ್ದೆ ಹುಲ್ಲು ಹಾಗೇ ಕೂತರೆ ಎಷ್ಟು ದಪ್ಪ ತಗಡಾದರೂ ತುಕ್ಕು ತಿನ್ನುತ್ತೆ.