ಮಗಳು ಸೆಕೆಂಡ್ ಪಿಯುಸಿ, ಎಂಜಿನಿಯರಿಂಗ್ ಓದಿಸುವ ಆಸೆ. ತಯಾರಿ ಹೇಗೆ, ದುಡ್ಡು ಎಲ್ಲಿಂದ?

ಮಗಳ ಕೋಚಿಂಗ್‌ಗೆ ಸಾಲ ಮಾಡಲೇ ಅಂತ ಕೊನೆಯಲ್ಲಿ ಕೇಳಿದ್ದೀರಿ. ಮೊದಲು ಅದಕ್ಕೇ ಉತ್ತರ: ಕೋಚಿಂಗ್‌ಗೆ ಅಂತ ಸಾಲ ಮಾಡಬೇಡಿ.

ಟೇಲರಿಂಗ್ ಅಂಗಡಿ, ವರ್ಷಕ್ಕೆ ಒಂದೂವರೆ ಲಕ್ಷ ಆದಾಯ, ಹಿಂದುಳಿದ ವರ್ಗ 2ಎ, ಮಗಳು ಹತ್ತನೇ ಕ್ಲಾಸಿನವರೆಗೆ ಹಳ್ಳಿಯ ಸರ್ಕಾರಿ ಕನ್ನಡ ಶಾಲೆ, ಈಗ ಸರ್ಕಾರಿ ಪಿಯು ಕಾಲೇಜು ಅಂತ ಬರೆದಿದ್ದೀರಿ. ನಾನು ಇಂಥದ್ದೇ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಪ್ರತಿ ವರ್ಷ ಮೇ, ಜೂನ್ ಬಂತೆಂದರೆ ಮಕ್ಕಳ ಅರ್ಜಿ ನೋಡುವುದೇ ಕೆಲಸ. ನಾನು ಕಂಡಂತೆ ಇಂಥ ಮನೆಯ ಮಕ್ಕಳಿಗೆ ಸಿಗಬೇಕಾದ ಹಣ ತಪ್ಪುವುದು ಮಾರ್ಕ್ಸ್ ಕಮ್ಮಿ ಆಗಿ ಅಲ್ಲ, ಕಾಗದ ಸರಿ ಇಲ್ಲದೆ. ನಿಮ್ಮ ಮಗಳಿಗಂತೂ ಬಾಗಿಲುಗಳು ಜಾಸ್ತಿಯೇ ಇವೆ.

ಓದಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಬೋರ್ಡ್ ಪರೀಕ್ಷೆಗೆ ಓದಿದ್ದು ವ್ಯರ್ಥವಲ್ಲ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಒಂದನ್ನೂ ಖಾಲಿ ಬಿಡಬಾರದು. ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಕೈಯಲ್ಲಿ ಗಡಿಯಾರ. ಡೌಟ್ ಇದ್ದರೆ ಲೆಕ್ಚರರ್ ಹತ್ತಿರ ನಾಚಿಕೆ ಇಲ್ಲದೆ ಕೇಳಲಿ.

ಈಗ ಕಾಗದ. ನಾಡಕಚೇರಿಗೆ ಹೋಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ. ಆದಾಯದ್ದು ಐದು ವರ್ಷಕ್ಕೆ ಊರ್ಜಿತ. ಹಳೆಯದು ಇದ್ದರೆ ತಾರೀಖು ನೋಡಿ, ಕೌನ್ಸೆಲಿಂಗ್ ಮಧ್ಯೆ ಅವಧಿ ಮುಗಿಯುವಂತಿದ್ದರೆ ಈಗಲೇ ಹೊಸದು ತೆಗೆಸಿ. 2ಎ ಅಂದರೆ ರಾಜ್ಯದ ನಮೂನೆಯದ್ದೇ ಬೇಕು. ಕೇಂದ್ರದ ಒಬಿಸಿ ಪ್ರಮಾಣಪತ್ರ ತಂದು ಸಿಇಟಿ ನಡೆಸುವ ಕೆಇಎ ಮುಂದೆ ಹಿಡಿದು ಪೆಚ್ಚಾಗುವವರು ಪ್ರತಿ ವರ್ಷ ಇರುತ್ತಾರೆ. ರಾಜ್ಯದ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಸಿಇಟಿ ಅರ್ಜಿಗೂ ಬೇಕು, ವಿದ್ಯಾರ್ಥಿವೇತನಕ್ಕೂ ಬೇಕು. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಎರಡನ್ನೂ ಕೇಳಬಹುದು. ಇದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಪೋಷಕರು ಇದನ್ನು ಕೇಳಿಕೊಂಡು ಹೋಗುವುದು ಸಾಮಾನ್ಯವಾಗಿ ಏಪ್ರಿಲ್, ಮೇನಲ್ಲಿ. ಆಗ ಶಾಲೆಗೆ ಬೀಗ, ಹೆಡ್‌ಮಾಸ್ಟರು ಊರಲ್ಲಿ ಇರುವುದಿಲ್ಲ. ಶಾಲೆ ನಡೆಯುತ್ತಿರುವಾಗಲೇ, ಅಂದರೆ ಡಿಸೆಂಬರ್ ಒಳಗೆ, ಸಹಿ ಮಾಡಿಸಿಟ್ಟುಕೊಳ್ಳಿ. ಆಮೇಲೆ ಬಿಇಒ ಕಚೇರಿಗೆ ಎಡತಾಕುವುದು ತಪ್ಪುತ್ತದೆ.

ಇನ್ನು ಬ್ಯಾಂಕ್ ಖಾತೆ. ಪಾಸ್‌ಬುಕ್‌ಗೆ ಆಧಾರ್ ಕೊಟ್ಟಿದ್ದೇವೆ, ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಾಲದು. ಎನ್‌ಪಿಸಿಐ ಸೀಡಿಂಗ್ ಆಗಿರಬೇಕು, ಅಂದರೆ ಸರ್ಕಾರದ ನೇರ ಹಣ (ಡಿಬಿಟಿ) ಬರುವ ಖಾತೆ ಇದೇ ಅಂತ ಆಧಾರ್ ಜೊತೆ ಜೋಡಣೆಯಾಗಿರಬೇಕು. ಸರ್ಕಾರದ ಹಣ ಹೋಗುವುದು ಕೊನೆಯದಾಗಿ ಸೀಡ್ ಆದ ಖಾತೆಗೆ. ನಮ್ಮ ಹುಡುಗಿಯೊಬ್ಬಳು ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಹಣ ಬಂದಿಲ್ಲ ಅಂತ ತಿಂಗಳುಗಟ್ಟಲೆ ಅಲೆದಳು. ಪೋರ್ಟಲ್‌ನಲ್ಲಿ ನೋಡಿದರೆ ಹಣ ಪಾವತಿಯಾಗಿದೆ ಅಂತ ಇತ್ತು. ವಿಚಾರಿಸಿದರೆ, ಸಿಮ್ ತಗೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ಅವಳ ಹೆಸರಲ್ಲಿ ಇನ್ನೊಂದು ಖಾತೆ ತೆರೆದಿದ್ದ. ಹಣ ಸುಮ್ನೆ ಅಲ್ಲಿ ಕೂತಿತ್ತು! ಬ್ಯಾಂಕಿಗೆ ಹೋದಾಗ ‘ಡಿಬಿಟಿಗೆ ಯಾವ ಖಾತೆ ಸೀಡ್ ಆಗಿದೆ ನೋಡಿ’ ಅಂತಲೇ ಕೇಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಹೀಗೆ ಇದ್ದರೆ ಆಧಾರ್ ತಿದ್ದಿಸಿ. ಅಂಕಪಟ್ಟಿ ತಿದ್ದಿಸಲು ಹೊರಟರೆ ವರ್ಷ ಕಳೆದೀತು.

ದುಡ್ಡಿನ ಲೆಕ್ಕಕ್ಕೆ ಬರೋಣ. ಖಾಸಗಿ ಕಾಲೇಜಿನಲ್ಲಿ ಸಿಇಟಿ ಸೀಟು ಸಿಕ್ಕರೂ ಫೀಸು ವರ್ಷಕ್ಕೆ ಲಕ್ಷದ ಆಸುಪಾಸು. ಸರ್ಕಾರಿ ಕಾಲೇಜಿನಲ್ಲಿ ಸುಮಾರು ಅದರರ್ಧ. ಇದರ ಜೊತೆ ಎಸ್‌ಎನ್‌ಕ್ಯೂ ಅಂತ ಇದೆ. ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಇಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ಇದನ್ನು ಕೇಳಬೇಕು. ಗಡಿಬಿಡಿಯಲ್ಲಿ ‘ಇಲ್ಲ’ ಅಂತ ಒತ್ತಿ ಮುಂದೆ ಹೋಗಿಬಿಡುತ್ತಾರೆ. ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೂ ಮಗಳು ಪಕ್ಕದಲ್ಲೇ ಕೂರಲಿ. ಮೊಬೈಲ್ ನಂಬರ್ ನಿಮ್ಮದೇ ಇರಲಿ, ಸೆಂಟರಿನವರದ್ದು ಬೇಡ. ಒಟಿಪಿ ಬರುವುದು ಅದಕ್ಕೇ ಅಲ್ವಾ?

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಕಾಲೇಜು, ಬ್ರ್ಯಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವಾಗ, ‘ನನ್ನ ರ‍್ಯಾಂಕಿಗೆ ಇದು ಸಿಗಬಹುದು’ ಅಂತ ಊಹಿಸಿ ಮೇಲೆ ಹಾಕಬೇಡಿ. ಕಂಪ್ಯೂಟರ್ ಪಟ್ಟಿಯ ತುದಿಯಿಂದ ನೋಡುತ್ತಾ ಬಂದು ಮೊದಲು ಸಿಗುವುದನ್ನು ಕೊಡುತ್ತದೆ. ನಿಮ್ಮಂಥವರಿಗೆ ನನ್ನ ಸಲಹೆ: ಸರ್ಕಾರಿ ಕಾಲೇಜು, ಎಸ್‌ಎನ್‌ಕ್ಯೂ ಆಯ್ಕೆಗಳು ಮೇಲೆ, ಆಮೇಲೆ ಉಳಿದವು. ಬ್ರ್ಯಾಂಚ್‌ಗಿಂತ ಸಾಲ ಇಲ್ಲದ ನಾಲ್ಕು ವರ್ಷ ದೊಡ್ಡದು. ಇದನ್ನು ಒಪ್ಪದ ಸಹೋದ್ಯೋಗಿಗಳು ನನಗೂ ಇದ್ದಾರೆ.

ಹೆಣ್ಣುಮಕ್ಕಳಿಗೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಆದಾಯ 8 ಲಕ್ಷದೊಳಗೆ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ. ಮೊದಲ ವರ್ಷವೇ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅಂಕದ ಮೇಲೆ ಆಯ್ಕೆ. ಇದು ಸಿಕ್ಕರೆ ಸರ್ಕಾರದ ಬೇರೆ ವಿದ್ಯಾರ್ಥಿವೇತನ ಜೊತೆಗೆ ತಗೊಳ್ಳುವಂತಿಲ್ಲ. ಸಿಗದಿದ್ದರೆ ಎಸ್‌ಎಸ್‌ಪಿ ಇದ್ದೇ ಇದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ನಿಮ್ಮ ಮಗಳು ಸರ್ಕಾರಿ ಶಾಲೆಯಲ್ಲಿ ಓದಿದ್ದು ಇಲ್ಲಿ ಕೈ ಹಿಡಿಯುತ್ತದೆ. ಊಟ, ವಾಸಕ್ಕೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್. ಅಲ್ಲಿ ಸೀಟು ಸಿಗದಿದ್ದರೆ ಊಟ, ವಾಸದ ಖರ್ಚಿಗೆ ಹಣ ಕೊಡುವ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ವಿದ್ಯಾರ್ಥಿವೇತನ ಬರುವುದು ತಡವಾಗಿ, ಕೆಲವೊಮ್ಮೆ ವರ್ಷದ ಕೊನೆಗೆ. ಆದರೆ ಸೀಟು ಒಪ್ಪಿಕೊಂಡು ಚಾಯ್ಸ್ 1 ಒತ್ತಿದ ಮೇಲೆ ಫೀಸು ಕಟ್ಟಲು ಸಿಗುವುದು ಕೆಲವೇ ದಿನ. ಕೋಚಿಂಗಿಗೆ ಅಂತ ಹೊಂದಿಸಲು ಹೊರಟಿದ್ದೀರಲ್ಲ, ಆ ಓಡಾಟವನ್ನು ಈ ಮೊದಲ ಕಂತಿಗೆ ಇಟ್ಟುಕೊಳ್ಳಿ. ಚೀಟಿ ಹಾಕಿದ್ದರೆ ಜುಲೈ ಹೊತ್ತಿಗೆ ಎತ್ತುವಂತೆ ನೋಡಿಕೊಳ್ಳಿ.

ಅದೂ ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲ ತಗೊಳ್ಳಿ. ಕೈಸಾಲ ಬೇಡವೇ ಬೇಡ. ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ. 4 ಲಕ್ಷದವರೆಗೆ ನಿಮ್ಮ ಪಾಲಿನ ಹಣ ಹಾಕಬೇಕಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡ ಇಡಬೇಕಿಲ್ಲ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಶುರುವಾಗುವುದಿಲ್ಲ. ಆದಾಯ 4.5 ಲಕ್ಷದೊಳಗಿದ್ದು ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ ಆ ಅವಧಿಯ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ ಇದೆ. ಮ್ಯಾನೇಜರ್ ಹೊಲದ ಪತ್ರ ಕೇಳಿದರೆ, ‘ಯಾಕೆ ಬೇಕು ಅಂತ ಬರೆದುಕೊಡಿ ಸಾರ್’ ಅನ್ನಿ. ಬರೆದುಕೊಟ್ಟವರನ್ನು ನಾನಿನ್ನೂ ನೋಡಿಲ್ಲ.

ಫಲಿತಾಂಶದ ದಿನದಿಂದ ‘ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇವೆ’ ಅಂತ ಫೋನು ಶುರುವಾಗುತ್ತದೆ. ತೆಗೆಯಬೇಡಿ. ರ‍್ಯಾಂಕ್ ಬಂದ ಮೇಲೆ ಮಗಳ ಪಟ್ಟಿಯನ್ನು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.