ಮೊದಲು ಆ ಕರ್ಪೂರದ ಬಾಟಲಿ ಕಿತ್ತಿಡಿ

ಸಾಗರದ ಓದುಗರೊಬ್ಬರ ಪತ್ರ: "ಮನೆಯಲ್ಲಿ ಎಂಟು ತಿಂಗಳ ಮೊಮ್ಮಗಳಿದ್ದಾಳೆ. ಕೆಮಿಕಲ್ ಬೇಡ ಅಂತ ಸೊಳ್ಳೆ ಮಷಿನ್ನಿನ ಖಾಲಿ ಬಾಟಲಿಗೆ ಬೇವಿನ ಎಣ್ಣೆ, ಕರ್ಪೂರ, ಊಟಿಯಿಂದ ತಂದ ನೀಲಗಿರಿ ಎಣ್ಣೆ ತುಂಬಿಸಿ ಹಚ್ಚುತ್ತಿದ್ದೇವೆ. ಆದರೂ ಸೊಳ್ಳೆ ಕಮ್ಮಿಯಾಗಿಲ್ಲ. ಯಾವ ಗಿಡದ ಎಣ್ಣೆ ಒಳ್ಳೆಯದು? ಕಿಟಕಿಯಲ್ಲಿ ತುಳಸಿ, ಮಜ್ಜಿಗೆ ಹುಲ್ಲಿನ ಕುಂಡ ಇಟ್ಟರೆ ಸಾಕೇ?"

ಸಂಪಾದಕರ ಉತ್ತರ:

ಅಮ್ಮಾ, ಮೊದಲು ಆ ಬಾಟಲಿ ಕಿತ್ತಿಡಿ. ಇವತ್ತೇ. ಕರ್ಪೂರ ಗಿಡದಿಂದಲೇ ಬಂದಿದ್ದಿರಬಹುದು, ಆದರೆ ಹಸುಗೂಸಿಗೆ ಅದು ವಿಷ. ಮೈಗೆ ಜಾಸ್ತಿ ಸೇರಿದರೆ ಫಿಟ್ಸ್ ಬರುತ್ತದೆ. ಮೇಲಾಗಿ ಅದು ಬೇಗ ಹೊತ್ತಿಕೊಳ್ಳುವ ವಸ್ತು, ಬಿಸಿಯಾಗುವ ಮಷಿನ್ನಿನಲ್ಲಿ ಇಡುವಂಥದ್ದಲ್ಲ.

ಈ ಉಪಾಯ ಎಲ್ಲರ ವಾಟ್ಸಾಪಿಗೂ ಬಂದಿದೆ. ನಾನೂ ಮಾಡಿ ನೋಡಿದವನೇ. ಮೂರನೇ ದಿನಕ್ಕೆ ಬತ್ತಿ ಕರಿ ಹಿಡಿದು ಅಂಟಂಟಾಯಿತು. ಎಣ್ಣೆ ಇದ್ದಷ್ಟೇ ಇತ್ತು, ಸೊಳ್ಳೆಯೂ ಇದ್ದಷ್ಟೇ ಇತ್ತು! ಬೇವಿನ ಎಣ್ಣೆ ಮಂದ. ಬತ್ತಿಯಲ್ಲಿ ಸರಿಯಾಗಿ ಏರುವುದಿಲ್ಲ, ಗಾಳಿಗೂ ಅಷ್ಟಾಗಿ ಹಾರುವುದಿಲ್ಲ. ಅದನ್ನು ಮೈಗೆ ಹಚ್ಚುವುದು ಬೇರೆ ಮಾತು. ಕೊಬ್ಬರಿ ಎಣ್ಣೆಗೆ ನೂರಕ್ಕೆ 2 ಪಾಲು ಬೇವಿನ ಎಣ್ಣೆ ಬೆರೆಸಿ ಹಚ್ಚಿದಾಗ ಮಲೇರಿಯಾ ತರುವ ಅನಾಫಿಲಿಸ್ ಸೊಳ್ಳೆ ರಾತ್ರಿಯೆಲ್ಲ ಕಚ್ಚಲಿಲ್ಲ ಎಂದು ನಮ್ಮ ದೇಶದ ವಿಜ್ಞಾನಿಗಳು 1993ರಲ್ಲೇ ಬರೆದಿದ್ದಾರೆ. ಆದರೆ ನಿಮ್ಮ ಭಯ ಡೆಂಗಿಯದು, ಅಲ್ವಾ? ಅದನ್ನು ತರುವ ಈಡಿಸ್ ಕಚ್ಚುವುದು ಹಗಲಲ್ಲಿ.

ನೀಲಗಿರಿ ಎಣ್ಣೆಯಲ್ಲೂ ಒಂದು ಗೊಂದಲವಿದೆ. ಸೊಳ್ಳೆ ಓಡಿಸುವುದಕ್ಕೆ ಹೆಸರಾದದ್ದು ನಿಂಬೆ ವಾಸನೆಯ ನೀಲಗಿರಿ ಮರ. ಅದರ ಎಣ್ಣೆಯಿಂದ ಮಾಡುವ ಪಿಎಂಡಿ ಅನ್ನುವ ವಸ್ತು ಹಲವು ಗಂಟೆ ಕೆಲಸ ಮಾಡುತ್ತದೆ. ನೆಗಡಿಗೆ ಅಂತ ಊಟಿಯಲ್ಲಿ ಮಾರುವ ಎಣ್ಣೆ ಬೇರೆ ಜಾತಿಯ ಮರದ್ದು. ಅದಕ್ಕೆ ಸೊಳ್ಳೆ ಅಷ್ಟು ಹೆದರುವುದಿಲ್ಲ. ಪಿಎಂಡಿ ಸಿಕ್ಕರೂ ಮೊಮ್ಮಗಳಿಗೆ ಬೇಡ. ಮೂರು ವರ್ಷ ತುಂಬದ ಮಕ್ಕಳಿಗೆ ಹಚ್ಚಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ.

ಇನ್ನು ಸಿಟ್ರೊನೆಲ್ಲಾ. ಮಜ್ಜಿಗೆ ಹುಲ್ಲಿನ ದಾಯಾದಿ ಅನ್ನಿ. ಆ ಎಣ್ಣೆ ಸುಳ್ಳಲ್ಲ, ಸೊಳ್ಳೆಗೆ ನಿಜಕ್ಕೂ ಅದು ಹಿಡಿಸುವುದಿಲ್ಲ. ಆದರೆ ಯಾವ ವಾಸನೆ ಸೊಳ್ಳೆಯನ್ನು ದೂರ ಇಡುತ್ತದೋ ಅದೇ ಬೇಗ ಹಾರಿಹೋಗುತ್ತದೆ. ಒಂದು ಗಂಟೆ, ಬಹಳ ಅಂದರೆ ಎರಡು. ಸಂಜೆ ಜಗುಲಿಯಲ್ಲಿ ದೊಡ್ಡವರು ಕೂತು ಮಾತಾಡುವಾಗ ಕೊಬ್ಬರಿ ಎಣ್ಣೆಯಲ್ಲಿ ನಾಲ್ಕು ಹನಿ ಬೆರೆಸಿ ಕಾಲಿಗೆ ಹಚ್ಚಿಕೊಳ್ಳಿ, ತಪ್ಪಿಲ್ಲ. ಏನೂ ಬೆರೆಸದೆ ಬರೀ ಆ ಎಣ್ಣೆ ಹಚ್ಚಿದರೆ ಚರ್ಮ ಉರಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಸೊಳ್ಳೆ ಯಾಕೆ ಕಮ್ಮಿಯಾಗಿಲ್ಲ ಅಂದಿರಿ. ಎಣ್ಣೆ ಅದನ್ನು ಆಚೆ ತಳ್ಳುತ್ತದೆ, ಅಷ್ಟೇ. ಅದು ಹುಟ್ಟುವುದನ್ನು ತಡೆಯುವುದಿಲ್ಲ.

ಹೋದ ಮಳೆಗಾಲ ನಮ್ಮ ಮನೆಯಲ್ಲಿ ಹಗಲು ಸೊಳ್ಳೆ ಕಾಟ ವಿಪರೀತ. ಪಕ್ಕದ ಖಾಲಿ ಸೈಟನ್ನು ಬೈದದ್ದೇ ಬೈದದ್ದು. ಕೊನೆಗೆ ಫ್ರಿಜ್ ಹಿಂದೆ ಕೈಹಾಕಿ ನೀರಿನ ಟ್ರೇ ಎಳೆದೆ. ಅಂಗೈ ಅಗಲದ ನೀರು. ಟಾರ್ಚ್ ಬಿಟ್ಟರೆ ಸಣ್ಣ ಸಣ್ಣ ಹುಳುಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಬಾಲದ ತುದಿ ನೀರಿನ ಮೇಲ್ಮೈಗೆ ತಾಗಿಸಿಕೊಂಡು. ಟ್ರೇ ಅಲುಗಿದ್ದೇ ತಡ, ಎಲ್ಲ ಕುಣಿಯುತ್ತ ತಳಕ್ಕೆ. ಬೇರೆಯವರ ಸೈಟಲ್ಲ, ನನ್ನ ಅಡುಗೆಮನೆ!

ಇದು ಹೊಸ ಪಾಠವೂ ಅಲ್ಲ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ಮುಂದೆ ತೋರಿಸಿಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದ. ಅವನ ಬಂಗಲೆಯ ಕಿಟಕಿ ಹೊರಗೊಂದು ನೀರಿನ ತೊಟ್ಟಿ. ಅದನ್ನು ಚೆಲ್ಲಿಸಿದ, ಸೊಳ್ಳೆ ಇಳಿಯಿತು. ದಂಡಿನ ಅಧಿಕಾರಿಗಳ ಊಟದ ಮನೆಯಲ್ಲೂ ಹೀಗೇ ಮಾಡೋಣ ಅಂದರೆ ಅಲ್ಲಿನ ಅಧಿಕಾರಿ, ದೇವರು ಸೃಷ್ಟಿಸಿದ ಸೊಳ್ಳೆಯನ್ನು ಸಹಿಸಿಕೊಳ್ಳಬೇಕು ಅನ್ನುವ ಧಾಟಿಯಲ್ಲಿ ಒಪ್ಪಲೇ ಇಲ್ಲವಂತೆ.

ನಿಮ್ಮ ಕಡೆ ಹುಡುಕುವುದಾದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಹಿತ್ತಲಿನ ಒರಳುಕಲ್ಲು, ಎಳನೀರಿನ ಬುರುಡೆ, ಮನಿಪ್ಲಾಂಟ್ ಬಾಟಲಿ ನೋಡಿ. ಮೊಟ್ಟೆ ರೆಕ್ಕೆ ಬಿಚ್ಚಿ ಹಾರಲು ಏಳೆಂಟು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಚೆಲ್ಲಬೇಕು. ಚೆಲ್ಲಿದರೆ ಸಾಲದು, ಡ್ರಮ್ಮು ಹಂಡೆಗಳ ಒಳಮೈಯನ್ನು ತೆಂಗಿನ ನಾರು ಹಾಕಿ ತಿಕ್ಕಬೇಕು. ಈಡಿಸ್ ಮೊಟ್ಟೆ ನೀರಿನ ಅಂಚಿನಲ್ಲಿ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ಮಗುವಿಗೆ ಎಣ್ಣೆ ಯಾವುದೂ ಬೇಡ. ತೊಟ್ಟಿಲಿಗೆ ಸೊಳ್ಳೆ ಪರದೆ ಕಟ್ಟಿ, ಹಗಲು ಮಲಗಿದಾಗಲೂ. ಕೈಕಾಲು ಮುಚ್ಚುವ ಹತ್ತಿ ಬಟ್ಟೆ ಹಾಕಿ.

ಕುಂಡದ ವಿಷಯ ಮರೆತಿದ್ದೆ. ಎಲೆ ಹಿಸುಕದೆ ಗಿಡ ಅಷ್ಟೇನೂ ಎಣ್ಣೆ ಬಿಡುವುದಿಲ್ಲ, ಕಿಟಕಿಯಲ್ಲಿ ಸುಮ್ನೆ ನಿಂತ ತುಳಸಿ ಸೊಳ್ಳೆಯನ್ನು ತಡೆಯದು. ಇಟ್ಟುಕೊಳ್ಳಿ, ಚೆಂದ ಕಾಣುತ್ತದೆ. ಮಜ್ಜಿಗೆ ಹುಲ್ಲಿನ ಕಷಾಯಕ್ಕೂ ಆಯಿತು. ಕುಂಡದ ಕೆಳಗಿನ ತಟ್ಟೆ ಮಾತ್ರ ತೆಗೆದುಬಿಡಿ, ಅದರಲ್ಲೂ ನೀರು ನಿಲ್ಲುತ್ತದೆ.