ಮೋಟರ್‌ಹೋಮ್ ಹಿಂದೆ ಕಾರು: ನೆಲದ ಮೇಲೋ, ಟ್ರೇಲರ್ ಮೇಲೋ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಲ್ಲಿ ನೆಲೆಸಿರುವ ದಂಪತಿ. ನಿವೃತ್ತಿಯ ನಂತರ ಫೋರ್ಡ್ ಎಫ್-53 ಚಾಸಿಯ ಮೇಲೆ ಕಟ್ಟಿದ, 34 ಅಡಿ ಉದ್ದದ ಪೆಟ್ರೋಲ್ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ, ಚಲಿಸುವ ಮನೆಯಂಥ ವಾಹನ) ಕೊಂಡಿದ್ದೇವೆ. ಬರುವ ಬೇಸಿಗೆಯಲ್ಲಿ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದವರೆಗೆ ಹೋಗುವ ಯೋಚನೆಯಿದೆ. ನಮ್ಮ 2018ರ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ) ಹೋಂಡಾ ಸಿಆರ್-ವಿ ಕಾರನ್ನು ಹಿಂದೆ ಕಟ್ಟಿಕೊಂಡು ಹೋಗಬೇಕೆಂದಿದ್ದೇವೆ. ನಾಲ್ಕೂ ಚಕ್ರ ನೆಲದ ಮೇಲೆ ಉರುಳುವಂತೆ ಎಳೆಯುವುದು ಸುಲಭ ಎಂದು ಕೆಲವರು, ಟ್ರೇಲರ್ ಮೇಲೆ ಹೇರುವುದೇ ಕ್ಷೇಮ ಎಂದು ಇನ್ನು ಕೆಲವರು ಹೇಳುತ್ತಾರೆ. ವಾಹನದ ಫಲಕದಲ್ಲಿ ಹಿಚ್‌ಗೆ (ಎಳೆಯುವ ವಾಹನವನ್ನು ಸಿಕ್ಕಿಸುವ ಹಿಂದಿನ ಕೊಂಡಿ) 5,000 ಪೌಂಡ್, ಮೋಟರ್‌ಹೋಮ್‌ಗೆ 22,000 ಪೌಂಡ್, ಮೋಟರ್‌ಹೋಮ್ ಮತ್ತು ಅದು ಎಳೆಯುವ ಹೊರೆ ಎರಡೂ ಸೇರಿ 26,000 ಪೌಂಡ್ ಎಂಬ ಮಿತಿಗಳಿವೆ. ಯಾವುದನ್ನು ಆರಿಸಬೇಕು?

ಉತ್ತರ: ನಿಮಗೆ ಒಂದು ಚಿಕ್ಕ ಕಾರು ಜೊತೆಯಲ್ಲಿ ಬೇಕೇ ಬೇಕು. ಗ್ಲೇಸಿಯರ್ ಉದ್ಯಾನದ ಗೋಯಿಂಗ್-ಟು-ದಿ-ಸನ್ ರಸ್ತೆಯಲ್ಲಿ ಅವಲಾಂಚ್ ಕ್ರೀಕ್‌ನಿಂದ ರೈಸಿಂಗ್ ಸನ್‌ವರೆಗಿನ ಘಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನಗಳನ್ನು ಬಿಡುವುದಿಲ್ಲವಾದ್ದರಿಂದ, 34 ಅಡಿಯ ಮೋಟರ್‌ಹೋಮ್ ಕ್ಯಾಂಪಿನಲ್ಲೇ ನಿಲ್ಲಬೇಕಾಗುತ್ತದೆ. ಆದರೆ ನೀವು ಕೇಳಿರುವ ಎರಡು ದಾರಿಗಳಲ್ಲಿ ಒಂದೂ ಈಗಿರುವ ಕಾರಿಗೆ ಒಗ್ಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನೆಲದ ಮೇಲೆ ಎಳೆಯುವ ವಿಷಯವನ್ನು ಮೊದಲು ನೋಡೋಣ. ಗೇರನ್ನು ನ್ಯೂಟ್ರಲ್‌ಗೆ ಹಾಕಿದರೆ ಯಾವ ಕಾರನ್ನಾದರೂ ಎಳೆಯಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ, ಮತ್ತು ಅದು ದುಬಾರಿಯಾದ ನಂಬಿಕೆ. ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಒಳಗೆ ಎಣ್ಣೆ ಹರಿಸುವ ಪಂಪು ತಿರುಗುವುದು ಎಂಜಿನ್ ಬಲದಿಂದ. ಎಂಜಿನ್ ನಿಂತ ಕಾರನ್ನು ಎಳೆದಾಗ ಚಕ್ರಗಳು ಗೇರ್‌ಬಾಕ್ಸ್‌ನ ಕೆಲವು ಭಾಗಗಳನ್ನು ತಿರುಗಿಸುತ್ತಲೇ ಇರುತ್ತವೆ, ಆದರೆ ಪಂಪು ಸುಮ್ಮನಿರುವುದರಿಂದ ಆ ಭಾಗಗಳಿಗೆ ಎಣ್ಣೆ ತಲುಪುವುದಿಲ್ಲ. ಹೆದ್ದಾರಿಯ ವೇಗದಲ್ಲಿ ಗಂಟೆಗಟ್ಟಲೆ ಹೀಗೆ ಸಾಗಿದರೆ ಒಳಗಿನ ಬೇರಿಂಗುಗಳು ಸುಟ್ಟುಹೋಗುತ್ತವೆ. ಮುಂದೆ ಕುಳಿತು ಓಡಿಸುವವರಿಗೆ ಇದರ ಸುಳಿವೂ ಸಿಗುವುದಿಲ್ಲ. 2014ರವರೆಗಿನ ಸಿಆರ್-ವಿಗಳನ್ನು, ಕೈಪಿಡಿಯಲ್ಲಿ ಹೇಳಿದ ಕ್ರಮದಂತೆ ಎಂಜಿನ್ ಚಾಲೂ ಮಾಡಿ, ಗೇರನ್ನು ಡ್ರೈವ್‌ಗೂ ಆಮೇಲೆ ನ್ಯೂಟ್ರಲ್‌ಗೂ ತಂದು, ಕೆಲವು ನಿಮಿಷ ಓಡಲು ಬಿಟ್ಟ ನಂತರ ಎಳೆಯಲು ಹೋಂಡಾ ಅನುಮತಿ ಕೊಟ್ಟಿತ್ತು. 2015ರಿಂದ ಅದೇ ಕಾರಿಗೆ ಸಿವಿಟಿ ಎಂಬ, ನಿಗದಿತ ಗೇರುಗಳಿಲ್ಲದ ಬೇರೆ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂತು, ಅನುಮತಿಯೂ ಹೋಯಿತು. ನಿಮ್ಮದು 2018ರದು.

ಹಾಗಾದರೆ ಟ್ರೇಲರ್? ಇಲ್ಲಿ ತೂಕದ ಲೆಕ್ಕ ಅಡ್ಡ ಬರುತ್ತದೆ. ನಿಮ್ಮ ಕಾರು ಸುಮಾರು 3,400 ಪೌಂಡ್ ತೂಗುತ್ತದೆ. ಕಾರು ಸಾಗಿಸುವ ಉಕ್ಕಿನ ತೆರೆದ ಟ್ರೇಲರ್ ಖಾಲಿಯಾಗಿದ್ದಾಗಲೇ ಸುಮಾರು 2,000 ಪೌಂಡ್ ಇರುವುದರಿಂದ, ಎರಡೂ ಸೇರಿ 5,400 ಆಗಿ ಹಿಚ್‌ನ ಮಿತಿಯನ್ನು ದಾಟುತ್ತವೆ. ಅಲ್ಯೂಮಿನಿಯಂ ಟ್ರೇಲರ್ 1,500 ಪೌಂಡಿನ ಆಸುಪಾಸಿನಲ್ಲಿ ಸಿಗುತ್ತದೆ, ಆಗ ಮೊತ್ತ 4,900. ಕಾಗದದ ಮೇಲೆ ಇದು ಹೊಂದಿತು. ಆದರೆ ಹಿಚ್‌ನ ಮಿತಿಯೊಂದನ್ನೇ ನೋಡಿ ತೃಪ್ತರಾಗುವುದು ಸರಿಯಲ್ಲ. ನಿಮ್ಮ ಫಲಕದಲ್ಲಿರುವ 26,000ದಲ್ಲಿ ಮೋಟರ್‌ಹೋಮ್‌ನ ನಿಜವಾದ ತೂಕವನ್ನು ಕಳೆದು ಉಳಿದದ್ದಷ್ಟೇ ಎಳೆಯಲು ಸಿಗುವುದು. ನೀರಿನ ಟ್ಯಾಂಕು, ಗ್ಯಾಸ್, ಬಟ್ಟೆಬರೆ, ಅಕ್ಕಿ ಬೇಳೆ, ನೀವಿಬ್ಬರು, ಎಲ್ಲ ಸೇರಿ ವಾಹನ 21,500 ಪೌಂಡ್ ತೂಗಿದರೆ ಉಳಿಯುವುದು 4,500 ಮಾತ್ರ. ಅಂದಾಜಿನ ಮೇಲೆ ನಿಲ್ಲದೆ, ಪ್ರವಾಸಕ್ಕೆ ಸಿದ್ಧವಾಗಿ ತುಂಬಿಸಿದ ವಾಹನವನ್ನು ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿರುವ ಕ್ಯಾಟ್ ಸ್ಕೇಲ್ ತೂಕದ ಕಟ್ಟೆಯ ಮೇಲೆ ಒಮ್ಮೆ ನಿಲ್ಲಿಸಿ. ಮುಂದಿನ ಮತ್ತು ಹಿಂದಿನ ಅಚ್ಚುಗಳ ತೂಕವನ್ನು ಬೇರೆ ಬೇರೆಯಾಗಿ ಮುದ್ರಿಸಿಕೊಡುತ್ತಾರೆ. ಆ ಚೀಟಿ ಕೈಯಲ್ಲಿಲ್ಲದೆ ಟ್ರೇಲರ್ ಕೊಳ್ಳಬೇಡಿ.

ಹಿಂದಿನ ಅಚ್ಚಿನ ತೂಕವನ್ನು ಬೇರೆಯಾಗಿ ನೋಡಬೇಕೆನ್ನುವುದಕ್ಕೆ ಕಾರಣವಿದೆ. ಟ್ರೇಲರ್ ತನ್ನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲನ್ನು ಹಿಚ್‌ನ ಮೇಲೆ ಕೆಳಮುಖವಾಗಿ ಒತ್ತುತ್ತದೆ. ನಿಮ್ಮ ಬಗೆಯ ಮೋಟರ್‌ಹೋಮ್‌ಗಳಲ್ಲಿ ಹಿಂದಿನ ಚಕ್ರದ ಆಚೆಗೆ ಉದ್ದನೆಯ ಬಾಲ ಚಾಚಿಕೊಂಡಿರುವುದರಿಂದ, ಆ ಒತ್ತಡ ಹಿಂದಿನ ಅಚ್ಚಿನ ಹೊರೆ ಹೆಚ್ಚಿಸುವುದಲ್ಲದೆ ಮುಂದಿನ ಅಚ್ಚನ್ನು ಹಗುರಗೊಳಿಸಿ ಸ್ಟಿಯರಿಂಗ್‌ನ ಹಿಡಿತವನ್ನೂ ಕಡಿಮೆ ಮಾಡುತ್ತದೆ. ನೆಲದ ಮೇಲೆ ಎಳೆಯುವ ಕಾರಿನಿಂದ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಮುಂದಿನ ಎರಡು ಚಕ್ರಗಳನ್ನು ಮಾತ್ರ ಎತ್ತಿ ಹಿಡಿಯುವ ಡಾಲಿ ಎಂಬ ಮೂರನೆಯ ಸಾಧನವೂ ಇದೆ. ನಿಮ್ಮ ಕಾರು ಫ್ರಂಟ್ ವೀಲ್ ಡ್ರೈವ್ ಆಗಿದ್ದಿದ್ದರೆ ನಾನು ಅದನ್ನೇ ಸೂಚಿಸುತ್ತಿದ್ದೆ. ಆಲ್ ವೀಲ್ ಡ್ರೈವ್ ಕಾರಿನ ಹಿಂದಿನ ಚಕ್ರಗಳೂ ಚಾಲನ ವ್ಯವಸ್ಥೆಗೆ ಜೋಡಣೆಯಾಗಿರುವುದರಿಂದ ಡಾಲಿ ಅದಕ್ಕೆ ತಕ್ಕುದಲ್ಲ.

ಆದ್ದರಿಂದ ನನ್ನ ಸಲಹೆ ಕಾರನ್ನೇ ಬದಲಿಸುವುದು. ಒಳ್ಳೆಯ ಸ್ಥಿತಿಯಲ್ಲಿರುವ 2014ರ ಸಿಆರ್-ವಿ ಆಗಬಹುದು. ಹಣವಿದ್ದರೆ ಎರಡು ಬಾಗಿಲಿನ ಜೀಪ್ ರ‍್ಯಾಂಗ್ಲರ್. ರ‍್ಯಾಂಗ್ಲರ್‌ನಲ್ಲಿ ಗೇರ್‌ಬಾಕ್ಸ್‌ಗೂ ಚಕ್ರಗಳಿಗೂ ನಡುವೆ, ಬಲವನ್ನು ಮುಂದಿನ ಹಿಂದಿನ ಅಚ್ಚುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇದ್ದು, ಅದನ್ನು ನ್ಯೂಟ್ರಲ್‌ಗೆ ತಂದರೆ ಗೇರ್‌ಬಾಕ್ಸ್ ಪೂರ್ತಿಯಾಗಿ ಬಿಡುಗಡೆ ಹೊಂದುತ್ತದೆ. ಅಮೆರಿಕದ ಹೆದ್ದಾರಿಗಳಲ್ಲಿ ಮೋಟರ್‌ಹೋಮ್‌ಗಳ ಹಿಂದೆ ಅಷ್ಟೊಂದು ಜೀಪುಗಳು ಕಾಣುವುದು ಸುಮ್ಮನೆ ಅಲ್ಲ. ಆಟೊಮ್ಯಾಟಿಕ್ ಮಾದರಿಯಲ್ಲಿ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲೂ ಗೇರ್ ಪಾರ್ಕ್‌ನಲ್ಲೂ ಇರಬೇಕು. ಮೊದಲ ಸಲ ಇದನ್ನು ಕೇಳಿದವರು ಪಾರ್ಕ್ ಎಂದರೆ ಚಕ್ರ ಬಿಗಿಯುವುದಿಲ್ಲವೇ ಎಂದು ಗಾಬರಿಯಾಗುತ್ತಾರೆ, ಆದರೆ ಚಕ್ರಗಳ ಸಂಪರ್ಕ ಆಗಲೇ ಕಡಿದಿರುವುದರಿಂದ ಅವು ಸರಾಗವಾಗಿ ಉರುಳುತ್ತವೆ. ಹ್ಯಾಂಡ್‌ಬ್ರೇಕ್ ಬಿಟ್ಟಿರುವುದನ್ನು ಮಾತ್ರ ಇಬ್ಬರೂ ನೋಡಿಕೊಳ್ಳಿ, ಮತ್ತು ಮೊದಲ ಐವತ್ತು ಅಡಿ ಮೋಟರ್‌ಹೋಮ್ ನಿಧಾನವಾಗಿ ಮುಂದೆ ಹೋಗುವಾಗ ಒಬ್ಬರು ಕೆಳಗೆ ನಿಂತು ನಾಲ್ಕೂ ಚಕ್ರಗಳು ತಿರುಗುತ್ತಿವೆಯೇ, ಕಾರನ್ನು ಹಿಚ್‌ಗೆ ಜೋಡಿಸುವ ಟೋ ಬಾರ್‌ನ ಎರಡೂ ತೋಳುಗಳು ಪೂರ್ತಿ ಚಾಚಿ ಬಿಗಿದುಕೊಂಡವೇ ಎಂದು ಗಮನಿಸಿ.

ಖರ್ಚು ಟೋ ಬಾರ್‌ನೊಂದಿಗೆ ಮುಗಿಯುವುದಿಲ್ಲ. ಟೋ ಬಾರ್ ಸಿಕ್ಕಿಸಲು ಕಾರಿನ ಮುಂಭಾಗಕ್ಕೆ ಬೇಸ್ ಪ್ಲೇಟ್, ದೀಪಗಳ ವೈರಿಂಗ್, ಕಾರಿನ ಬ್ರೇಕ್ ಪೆಡಲನ್ನು ತಾನಾಗಿ ಒತ್ತುವ ಸಾಧನ, ಜೋಡಣೆಯ ಕೂಲಿ ಎಲ್ಲ ಸೇರಿ 3,000ದಿಂದ 5,000 ಡಾಲರ್ ಆಗುತ್ತದೆ. ಇವುಗಳಲ್ಲಿ ಬ್ರೇಕ್ ಸಾಧನವನ್ನು ಬಿಟ್ಟು ಹಣ ಉಳಿಸುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ನಿಮ್ಮ ಮೋಟರ್‌ಹೋಮ್‌ನ ಬ್ರೇಕು ತನ್ನದೇ 22,000 ಪೌಂಡನ್ನು ನಿಲ್ಲಿಸಲು ರೂಪುಗೊಂಡಿದ್ದು, ಸಿಯೆರಾ ಘಟ್ಟವನ್ನು ಇಳಿಯುವಾಗ ಹಿಂದಿನಿಂದ ಎರಡು ಟನ್ ತಳ್ಳುತ್ತಿರುವುದು ಅದರ ಲೆಕ್ಕದಲ್ಲಿಲ್ಲ. ಕೊಂಡಿ ಕಳಚಿದರೆ ಕಾರು ತಾನಾಗಿ ಬ್ರೇಕ್ ಹಾಕಿಕೊಳ್ಳುವ ತಂತಿಯೂ ಇರಲಿ.

ನೆಲದ ಮೇಲೆ ಎಳೆಯುವುದರ ದೊಡ್ಡ ಅನನುಕೂಲ ಹಿಂದಕ್ಕೆ ಹೋಗಲಾಗದಿರುವುದು. ಹಿಮ್ಮುಖವಾಗಿ ಚಲಿಸಿದ ತಕ್ಷಣ ಕಾರಿನ ಮುಂದಿನ ಚಕ್ರಗಳು ಪಕ್ಕಕ್ಕೆ ತಿರುಗಿಕೊಂಡು ಟೋ ಬಾರನ್ನು ಬಗ್ಗಿಸಿಬಿಡುತ್ತವೆ. ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲೇ ಹೊರಬರುವ ದಾರಿಯನ್ನು ನೋಡಿಕೊಳ್ಳಿ. ಸಿಕ್ಕಿಕೊಂಡರೆ ಕಾರನ್ನು ಬಿಚ್ಚುವುದೊಂದೇ ಉಪಾಯ. ವಾಹನ ಎಳೆಯುವವರಿಗೆ ಕ್ಯಾಲಿಫೋರ್ನಿಯದಲ್ಲಿ ವೇಗದ ಮಿತಿ ಗಂಟೆಗೆ 55 ಮೈಲಿ ಎಂಬುದೂ ನೆನಪಿರಲಿ.

ಪ್ರಶ್ನೆ: ನಮ್ಮದು ಡೀಸೆಲ್ ಮೋಟರ್‌ಹೋಮ್, ಹಿಚ್‌ನ ಮಿತಿ 10,000 ಪೌಂಡ್. ಟೆಸ್ಲಾ ಮಾಡೆಲ್ ವೈ ಕಾರನ್ನು ನೆಲದ ಮೇಲೆ ಎಳೆದುಕೊಂಡು ಹೋದರೆ ದಾರಿಯಲ್ಲೇ ಬ್ಯಾಟರಿ ಚಾರ್ಜ್ ಆಗುತ್ತದೆಯಲ್ಲವೇ? (ಆಸ್ಟಿನ್, ಟೆಕ್ಸಾಸ್)

ಉತ್ತರ: ಆಲೋಚನೆ ಚತುರವಾಗಿದೆ, ಆದರೆ ಟೆಸ್ಲಾ ಕೈಪಿಡಿ ಚಕ್ರಗಳು ನೆಲ ಮುಟ್ಟುವಂತೆ ಕಾರನ್ನು ಸಾಗಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ, ತಿರುಗುವ ಚಕ್ರಗಳಿಂದ ಮೋಟರಿನಲ್ಲಿ ವಿದ್ಯುತ್ ಹುಟ್ಟಿ ಹಾನಿಯಾಗಬಹುದು. ನಿಮಗೆ ಟ್ರೇಲರೇ ಸರಿ. ಕಾರು ಸುಮಾರು 4,400, ಟ್ರೇಲರ್ 2,000, ಒಟ್ಟು 6,400 ಪೌಂಡ್. ಹಿಚ್‌ಗೆ ಇದು ಭಾರವಲ್ಲ, ಆದರೂ ಒಟ್ಟು ತೂಕವನ್ನು ಒಮ್ಮೆ ತಾಳೆ ನೋಡಿ. ಕಾರನ್ನು ಟ್ರೇಲರ್‌ನ ಮೇಲೆ ತೀರ ಹಿಂದಕ್ಕೆ ನಿಲ್ಲಿಸಬೇಡಿ. ಮುಂಭಾಗ ಹಗುರಾದರೆ ಟ್ರೇಲರ್ ಓಲಾಡತೊಡಗುತ್ತದೆ. ಚಕ್ರಗಳಿಗೆ ಬಿಗಿದ ಪಟ್ಟಿಗಳು ಹೊರಟ ಸ್ವಲ್ಪ ಹೊತ್ತಿನಲ್ಲೇ ಸಡಿಲವಾಗುವುದುಂಟು, ಆದ್ದರಿಂದ ಮೊದಲ ಕೆಲವು ಮೈಲಿಗಳಾದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಕ್ಯಾಂಪಿನಲ್ಲಿ ಖಾಲಿ ಟ್ರೇಲರ್ ಇಡಲು ಜಾಗವಿದೆಯೇ ಎಂದು ಬುಕಿಂಗ್ ಮಾಡುವಾಗಲೇ ಕೇಳಿಕೊಳ್ಳಿ, ಅನೇಕ ಕಡೆ ಇರುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಬಾಡಿಗೆ ಮೋಟರ್‌ಹೋಮ್ ಹಿಂದೆ ಅವನ ಕಾರನ್ನು ಕಟ್ಟಬಹುದೇ? (ಮೈಸೂರು)

ಉತ್ತರ: ಬಾಡಿಗೆಯ ಕರಾರಿನಲ್ಲಿ ಸಾಮಾನ್ಯವಾಗಿ ಇದಕ್ಕೆ ಅವಕಾಶವಿರುವುದಿಲ್ಲ, ಮತ್ತು ಕರಾರು ಮೀರಿ ಅಪಘಾತವಾದರೆ ವಿಮೆ ಸಿಗುವುದು ಕಷ್ಟ. ಒಬ್ಬರು ಮೋಟರ್‌ಹೋಮ್ ಓಡಿಸಲಿ, ಇನ್ನೊಬ್ಬರು ಕಾರನ್ನು ಹಿಂದಿನಿಂದ ತರಲಿ.